ಎಳೆಗೂಸಿಗೆ ನೋವು ಗೊತ್ತಾಗಲ್ಲ ಅನ್ನಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮೊಮ್ಮಗಳಿಗೆ ಒಂದೂವರೆ ತಿಂಗಳ ಇಂಜೆಕ್ಷನ್ ಹಾಕಿಸಲು ಮಗಳ ಜೊತೆ ಹೋಗಿದ್ದೆ. ಒಂದೇ ದಿನ ಮೂರು ಸೂಜಿ. ಕೂಸನ್ನು ಮೇಜಿನ ಮೇಲೆ ಮಲಗಿಸಿ ಕಾಲು ಒತ್ತಿ ಹಿಡಿದರು. ‘ಮಡಿಲಲ್ಲಿ ಇಟ್ಕೊಂಡು ಹಾಲು ಕುಡಿಸ್ತಾ ಇರ್ಲಾ ಸಿಸ್ಟರ್?’ ಎಂದು ಮಗಳು ಕೇಳಿದಳು. ‘ಬೇಡಮ್ಮ, ಇಷ್ಟು ಚಿಕ್ಕ ಮಕ್ಕಳಿಗೆ ನೋವೆಲ್ಲ ಗೊತ್ತಾಗಲ್ಲ, ಸುಮ್ನೆ ಅಳ್ತವೆ’ ಅಂದರು. ಅವರ ಮೇಲೆ ನನಗೆ ಕೋಪವಿಲ್ಲ, ಹೊರಗೆ ಉದ್ದ ಸಾಲು ನಿಂತಿತ್ತು. ಆದರೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟ ನನಗೆ ಆ ಮಾತು ಇನ್ನೂ ಕೊರೆಯುತ್ತಿದೆ.

ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೇ ಹೀಗೆ ನಂಬಿದ್ದರು. 1980ರ ದಶಕದವರೆಗೂ ಬ್ರಿಟನ್, ಅಮೆರಿಕದಂಥ ಕಡೆಗಳಲ್ಲೂ ಎಷ್ಟೋ ನವಜಾತ ಶಿಶುಗಳಿಗೆ ತೀರಾ ಕಡಿಮೆ ಅರಿವಳಿಕೆಯಲ್ಲೇ ಆಪರೇಷನ್ ಮಾಡುತ್ತಿದ್ದರು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಆಕ್ಸ್‌ಫರ್ಡ್‌ನಲ್ಲಿದ್ದಾಗ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ನೋವಿನ ಔಷಧ ಸರಿಯಾಗಿ ಸಿಕ್ಕ ಮಕ್ಕಳು ಆಪರೇಷನ್ ನಂತರ ಚೆನ್ನಾಗಿ ಚೇತರಿಸಿಕೊಂಡವು, ಸಿಗದ ಮಕ್ಕಳಲ್ಲಿ ತೊಂದರೆ ಜಾಸ್ತಿ. ಅದು ಪ್ರಕಟವಾದದ್ದು 1987ರಲ್ಲಿ. ಅಂದರೆ ಈಗ ಲಸಿಕೆ ಕೊಡಿಸುವ ಎಷ್ಟೋ ತಾಯಂದಿರ ತಾಯಂದಿರು ಆಗಲೇ ದೊಡ್ಡವರಾಗಿದ್ದರು!

ನೋವು ತಿಳಿಸುವ ನರಕೋಶಗಳು ಕೂಸು ಹೊಟ್ಟೆಯಲ್ಲಿರುವಾಗಲೇ ಹುಟ್ಟುತ್ತವೆ. ಬೆನ್ನುಹುರಿಯ ಎರಡೂ ಬದಿಗೆ ಗಂಟು ಗಂಟಾಗಿ ಸೇರಿ, ಒಂದು ಎಳೆಯನ್ನು ಚರ್ಮದ ಕಡೆ, ಇನ್ನೊಂದನ್ನು ಬೆನ್ನುಹುರಿಯ ಒಳಗೆ ಚಾಚುತ್ತವೆ. ಮುಂದೆ ಇವುಗಳಲ್ಲೇ ಕೆಲವು ಬಿಸಿಗೆ, ಕೆಲವು ತುರಿಕೆಗೆ, ಕೆಲವು ಮೆಲ್ಲಗೆ ಸವರಿದ್ದಕ್ಕೆ ಎಂದು ಬೇರೆ ಬೇರೆಯಾಗುತ್ತವೆ. ಹೇಗೆ ಅನ್ನುವುದೇ ಸ್ವಾರಸ್ಯ. ಹಾರ್ವರ್ಡ್‌ನ ಡೇವಿಡ್ ಗಿಂಟಿ ತಂಡ 2020ರಲ್ಲಿ ಇಲಿಮರಿಗಳಲ್ಲಿ ಕಂಡದ್ದು ಇದು: ಕೋಶ ಯಾವ ಬಗೆಯದಾಗಬೇಕು ಎಂದು ತೀರ್ಮಾನಿಸುವ ಜೀನ್‌ಗಳ ಸ್ವಿಚ್‌ಗಳಿರುತ್ತವೆ; ಹೊಸ ಕೋಶದಲ್ಲಿ ಹಲವು ಬಗೆಯವು ಒಟ್ಟಿಗೇ ಆನ್ ಆಗಿರುತ್ತವೆ. ಬೆಳೆದಂತೆ ಕೋಶ ತನ್ನದನ್ನು ಉಳಿಸಿಕೊಂಡು ಉಳಿದದ್ದನ್ನು ಆಫ್ ಮಾಡುತ್ತದೆ. ಹತ್ತನೇ ತರಗತಿವರೆಗೆ ಎಲ್ಲ ಓದಿ ಆಮೇಲೆ ಸೈನ್ಸೋ ಕಾಮರ್ಸೋ ಹಿಡಿಯುತ್ತಾರಲ್ಲ, ಹಾಗೆ. ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದರಲ್ಲಿ ಎಳೆ ಹೋಗಿ ಮುಟ್ಟಿದ ಜಾಗದಿಂದ ಬರುವ ಸೂಚನೆಗಳ ಪಾಲೂ ಇದೆ.

ಅಂಥ ಒಂದು ಸೂಚನೆ, ನರ ಬೆಳೆಸುವ ಪ್ರೋಟೀನು, ಇಟಲಿಯ ರೀಟಾ ಲೆವಿ ಮೊಂಟಾಲ್ಚೀನಿ ಅವರಿಂದ ಗೊತ್ತಾಯಿತು. ಯೆಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡು, ಯುದ್ಧದ ನಡುವೆ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು ಪ್ರಯೋಗ ಶುರುಮಾಡಿದವರು. 1986ರಲ್ಲಿ ನೊಬೆಲ್ ಬಂತು. ನರಕೋಶದ ಮೇಲೆ ಈ ಪ್ರೋಟೀನನ್ನು ಹಿಡಿಯುವ ಭಾಗದಲ್ಲೇ ದೋಷವಿದ್ದರೆ ಮಗುವಿಗೆ ನಿಜವಾಗಿಯೂ ನೋವಿರುವುದಿಲ್ಲ. ಅಂಥ ಮಕ್ಕಳು ತಮ್ಮ ನಾಲಿಗೆಯನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತವೆ. ಅದು ತೀರಾ ಅಪರೂಪದ ಕಾಯಿಲೆ. ಉಳಿದ ಕೂಸುಗಳ ಮಾತು ಬೇರೆ.

‘ನರ ಇನ್ನೂ ಬಲಿತಿಲ್ಲ, ಅದಕ್ಕೇ ನೋವಿಲ್ಲ’ ಅನ್ನುವವರಿದ್ದಾರೆ. ಬಲಿತಿಲ್ಲ ಅನ್ನುವುದು ನಿಜ. ಇಲಿಮರಿಗಳಲ್ಲಿ ನೋವಿನ ಕೋಶಗಳು ಎರಡು ಬಗೆಯಾಗಿ ಒಡೆಯುವ ಕೆಲಸ ಹುಟ್ಟಿ ಮೂರು ವಾರದವರೆಗೂ ನಡೆಯುತ್ತದೆ. ಆದರೆ ಫಲ ಉಲ್ಟಾ! ಲಂಡನ್‌ನ ಮರಿಯಾ ಫಿಟ್ಜ್‌ಜೆರಾಲ್ಡ್ ತಂಡ ತೋರಿಸಿದ ಪ್ರಕಾರ, ಮರಿಯ ಬೆನ್ನುಹುರಿಯಲ್ಲಿ ಸ್ಪರ್ಶದ ಎಳೆಗಳು ನೋವಿನ ಜಾಗಕ್ಕೂ ಹಬ್ಬಿರುತ್ತವೆ. ಮೆಲ್ಲಗೆ ಮುಟ್ಟಿದರೂ ಕಾಲು ಸರಕ್ಕನೆ ಹಿಂದಕ್ಕೆ ಹೋಗುತ್ತದೆ. ನೋವನ್ನು ತಗ್ಗಿಸಲು ಮಿದುಳಿನಿಂದ ಬರುವ ಬ್ರೇಕು ತಡವಾಗಿ ಕೂಡಿಬರುತ್ತದೆ. ಹುಟ್ಟಿದ ಹೊಸತರಲ್ಲಿ ಗಾಯವಾದ ಚರ್ಮಕ್ಕಂತೂ ನರದ ಎಳೆಗಳು ಇನ್ನಷ್ಟು ದಟ್ಟವಾಗಿ ಚಿಗುರುತ್ತವೆ. ನಮ್ಮ ಕೂಸುಗಳು ಇಲಿಮರಿಗಳಲ್ಲ, ಒಪ್ಪಿದೆ. ಆದರೂ ಸೂಜಿ ಹಿಡಿಯುವಾಗ ಇಷ್ಟು ನೆನಪಿರಲಿ ಅಲ್ವಾ?

ಲಸಿಕೆ ಬಿಡಿಸಿ ಅಂತ ಖಂಡಿತ ಹೇಳುತ್ತಿಲ್ಲ. ಒಂದು ದಿನದ ಅಳುವಿಗೆ ಹೆದರಿ ನಾಯಿಕೆಮ್ಮು, ಗಂಟಲಮಾರಿಗೆ ಬಾಗಿಲು ತೆಗೆಯಬೇಡಿ. ಹಾಕುವ ರೀತಿ ಬದಲಾಗಲಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ: ಮಗು ತಾಯಿಯ ಮಡಿಲಲ್ಲಿರಲಿ, ಆಗಲೇ ಅಥವಾ ಸ್ವಲ್ಪ ಮುಂಚೆ ಎದೆಹಾಲು ಕುಡಿಯಲಿ, ಜಾಸ್ತಿ ನೋಯುವ ಸೂಜಿ ಕೊನೆಗೆ ಬರಲಿ. ಇದಕ್ಕೆ ಏನು ಖರ್ಚು? ಒಂದು ಕುರ್ಚಿ, ಒಂದು ಪರದೆ. ಆರೋಗ್ಯ ಇಲಾಖೆ ಈ ಮಾತನ್ನು ತಾಯಿ ಕಾರ್ಡಿನಲ್ಲಿ ಎರಡು ಸಾಲು ಅಚ್ಚು ಹಾಕಿಸಲಿ, ಆಶಾ ಕಾರ್ಯಕರ್ತೆಯರ ತರಬೇತಿಯಲ್ಲೂ ಹೇಳಲಿ.

ಮುಂದಿನ ವಾರ ಮೊಮ್ಮಗಳಿಗೆ ಎರಡೂವರೆ ತಿಂಗಳ ಇಂಜೆಕ್ಷನ್ ಇದೆ. ಈ ಸಲ ಮಗಳು ಕೇಳುವುದಿಲ್ಲವಂತೆ, ಹಾಲು ಕುಡಿಸುತ್ತಲೇ ಹೋಗಿ ಕೂರುತ್ತಾಳಂತೆ.

– ನಿವೃತ್ತ ಶಿಕ್ಷಕಿ, ಹಾಸನ