ದೋಸೆ ಹೋಟೆಲಿನಲ್ಲಿ ತಿನ್ನು, ಉಪ್ಪಿಟ್ಟು ಮನೆಯಲ್ಲೇ ಮಾಡಿಕೊ

ಸಾಗರ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ನಿನ್ನಮ್ಮ ಫೋನಿನಲ್ಲಿ ನಿನ್ನ ಬೆಳಗಿನ ತಿಂಡಿಯ ಖರ್ಚು ಹೇಳಿದಳು. ಹಾಸಿಗೆಯಿಂದ ಏಳದೆ ಮೊಬೈಲಿನಲ್ಲೇ ಇಡ್ಲಿ ತರಿಸುತ್ತೀಯಂತೆ. ಬೈಯಲು ಬರೆಯುತ್ತಿಲ್ಲ ಮಾರಾಯ್ತಿ. ಹೋಟೆಲಿನ ಒಲೆ ಮುಂದೆ ಆಯುಷ್ಯ ಕಳೆದವನು ನಾನು. ಯಾವ ತಿಂಡಿಗೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಅನ್ನುವುದಷ್ಟು ಗೊತ್ತು. ಅದನ್ನು ಹೇಳುತ್ತೇನೆ.

ದೋಸೆಯನ್ನು ಹೋಟೆಲಿಗೇ ಹೋಗಿ ತಿನ್ನು. ಅಲ್ಲಿಯ ದಪ್ಪ ಕಬ್ಬಿಣದ ಕಲ್ಲು ಬೆಳಗಿನಿಂದ ಒಂದೇ ಸಮ ಕಾದಿರುತ್ತದೆ. ಸಾಲಾಗಿ ಹತ್ತು ದೋಸೆ ಹುಯ್ದರೂ ಕಾವು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ನಿಮ್ಮ ಬಾಡಿಗೆ ಮನೆಯ ತೆಳು ನಾನ್‌ಸ್ಟಿಕ್ ತವಾದಲ್ಲಿ ಆ ಗರಿ ಬರುವುದಿಲ್ಲ, ಸುಮ್ನೆ ಒದ್ದಾಡಬೇಡ. ವಡೆಯೂ ಹಾಗೇ. ಮೂರು ಹುಡುಗಿಯರಿಗೆ ಆರು ವಡೆ ಕರಿಯಲು ಬಾಣಲೆ ತುಂಬ ಎಣ್ಣೆ ಇಟ್ಟರೆ, ಉಳಿದ ಎಣ್ಣೆ ಏನು ಮಾಡುತ್ತೀರಿ? ಇವೆರಡಕ್ಕೆ ಬಿಲ್ ಎಷ್ಟಾದರೂ ಖುಷಿಯಾಗಿ ಕೊಡು. ಆದರೆ ಹೋಗಿಯೇ ತಿನ್ನು. ಡಬ್ಬಿಯಲ್ಲಿ ಅರ್ಧ ಗಂಟೆ ಬೆವರಿದ ದೋಸೆಯನ್ನು ನಾನಂತೂ ದೋಸೆ ಅನ್ನುವುದಿಲ್ಲ.

ದುಡ್ಡು ದಂಡವಾಗುವುದು ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿಯಲ್ಲಿ. ಖಾರಾಬಾತ್ ಅಂದರೇನು? ಉಪ್ಪಿಟ್ಟಿಗೆ ಒಂದಿಷ್ಟು ತರಕಾರಿ, ವಾಂಗಿಬಾತ್ ಪುಡಿ, ಮೇಲೆ ಒಂಚೂರು ಜಾಸ್ತಿ ಜಿಡ್ಡು. ರವೆ ಕೆಜಿಗೆ ಐವತ್ತು ರೂಪಾಯಿ ಆಸುಪಾಸು. ಒಂದು ಕೆಜಿಯಲ್ಲಿ ನೀವು ಮೂವರು ನಾಲ್ಕು ಬೆಳಗ್ಗೆ ತಿನ್ನಬಹುದು. ನಿಮ್ಮವರೆಲ್ಲ ಉಪ್ಪಿಟ್ಟನ್ನು ಕಾಂಕ್ರೀಟ್ ಅಂತ ಆಡಿಕೊಳ್ಳುತ್ತಾರಲ್ಲ, ಅದು ರವೆಯ ತಪ್ಪಲ್ಲ. ಘಮ ಬರುವವರೆಗೆ ಹುರಿಯದೆ, ನೀರು ಕುದಿಯುವ ಮೊದಲೇ ಸುರಿದವರ ತಪ್ಪು. ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು, ಮೆತ್ತಗೆ ಬೇಕಾದರೆ ಮೂರು. ಅವಲಕ್ಕಿಗಂತೂ ಒಲೆಯೂ ಬೇಡ. ತೆಳು ಅವಲಕ್ಕಿಗೆ ಮೊಸರು, ಉಪ್ಪು, ನಿನ್ನತ್ತೆ ಕಳಿಸಿದ ಮಿಡಿ ಉಪ್ಪಿನಕಾಯಿ ಸಾಕು.

ಇಡ್ಲಿ ಇವೆರಡರ ನಡುವಿನದು. ಒಂದು ಕೆಜಿ ಇಡ್ಲಿ ಅಕ್ಕಿ, ಕಾಲು ಕೆಜಿ ಉದ್ದಿನಬೇಳೆ ಸೇರಿ ನೂರು ರೂಪಾಯಿ ಒಳಗೇ ಬರುತ್ತದೆ. ಐವತ್ತಕ್ಕೆ ಕಡಿಮೆಯಿಲ್ಲದೆ ಇಡ್ಲಿ ಆಗುತ್ತದೆ. ಹೋಟೆಲಿನಲ್ಲಿ ಅಷ್ಟೇ ದುಡ್ಡಿಗೆ ಎರಡು ಪ್ಲೇಟ್ ಬಂದರೆ ಹೆಚ್ಚು. ಹಾಗಂತ ಹೋಟೆಲಿನವರು ದೋಚುತ್ತಾರೆ ಅಂದುಕೊಳ್ಳಬೇಡ. ಅಂಗಡಿ ಬಾಡಿಗೆ, ಭಟ್ಟರ ಸಂಬಳ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್, ಮೇಲಿಂದ ಮೇಲೆ ಕೇಳುವ ಚಟ್ನಿ ಸಾಂಬಾರ್ ಎಲ್ಲ ಆ ಪ್ಲೇಟಿನಲ್ಲೇ ಹುಟ್ಟಬೇಕು. ಬಹಳ ಕಡೆ ತೆಂಗಿನಕಾಯಿ ರೇಟು ಏರಿದ ಮೇಲೆ ಚಟ್ನಿಯಲ್ಲಿ ಹುರಿಗಡಲೆಯೇ ಜಾಸ್ತಿ. ಬಾಯಿಗಿಟ್ಟ ಕೂಡಲೇ ನನಗೆ ಗೊತ್ತಾಗುತ್ತದೆ.

ನಿಂತು ತಿನ್ನುವ ದರ್ಶಿನಿಗಳು ಅಗ್ಗವಾದದ್ದೂ ಈ ಲೆಕ್ಕದಿಂದಲೇ. ನೀನಿರುವ ಜಯನಗರದಲ್ಲೇ 1983ರಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಕೌಂಟರಿನಲ್ಲಿ ಟೋಕನ್. ತಿಂದವರು ತಕ್ಷಣ ಜಾಗ ಬಿಟ್ಟರೆ ಅದೇ ಜಾಗದಲ್ಲಿ ಇನ್ನೊಬ್ಬರು. ಹಾಗಾಗಿ ರೇಟು ಇಳಿಸಲು ಆಯಿತು. ನೀನು ಮಾಡುತ್ತಿರುವುದು ನೋಡು: ಅವರು ಸಪ್ಲೈಯರ್ ಖರ್ಚು ಉಳಿಸಿ ಕೊಟ್ಟ ಇಡ್ಲಿಯನ್ನು ಡೆಲಿವರಿ ಚಾರ್ಜು, ಪ್ಯಾಕಿಂಗು, ಆ್ಯಪಿನ ಫೀಸು ಕೊಟ್ಟು ಮಂಚಕ್ಕೆ ತರಿಸಿಕೊಳ್ಳುತ್ತೀ. ಇಡ್ಲಿಗಿಂತ ಅದನ್ನು ತಂದ ಖರ್ಚೇ ಜಾಸ್ತಿ ಆಗುತ್ತದೆ, ಅಲ್ವಾ? ನೀನು ಇಡ್ಲಿ ತರಿಸುವ ದರ್ಶಿನಿ ನಿಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಸಿಗುತ್ತದೆ ಅಂತ ನಿನ್ನಮ್ಮನೇ ಹೇಳಿದಳು.

ಇಂದಿರಾ ಕ್ಯಾಂಟೀನ್ ಬಗ್ಗೆ ನೀನು ಕೇಳಿದ್ದೆ. 2017ರಲ್ಲಿ ಶುರುವಾದಾಗ ಅಲ್ಲಿ ತಿಂಡಿಗೆ ಐದು ರೂಪಾಯಿ ಇಟ್ಟರು. ಹೋಗಲು ನಾಚಿಕೆ ಏನೂ ಬೇಡ. ತಿಂಗಳ ಕೊನೆಗೆ ಕೈ ಖಾಲಿಯಾದರೆ ಧಾರಾಳವಾಗಿ ಹೋಗು. ಸಂಬಳ ಬಂದ ವಾರ ಮಾತ್ರ ಬೇಡ. ಆ ತಟ್ಟೆ ಕೂಲಿಗೆ ಹೊರಟವರಿಗೆ, ಆಟೋ ಓಡಿಸುವವರಿಗೆ ಬೇಕು. ಮಾಡಿಟ್ಟದ್ದು ಮುಗಿದರೆ ಅವರು ಹಸಿದೇ ಹೋಗಬೇಕಾಗುತ್ತದೆ.

ಕಾಫಿ ಮನೆಯಲ್ಲೇ ಕುಡಿ. ನಂದಿನಿ ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಲ್ಲಿ ನಾಲ್ಕು ರೂಪಾಯಿ ಏರಿ ಲೀಟರಿಗೆ 46 ಆಯಿತು. ಆದರೂ ಒಂದು ಲೋಟಕ್ಕೆ ಹಾಲಿನ ಖರ್ಚು ಐದು ರೂಪಾಯಿ ಆಸುಪಾಸು. ಡಿಕಾಕ್ಷನ್ ರಾತ್ರಿಯೇ ಇಳಿಸಿಟ್ಟರೆ ಬೆಳಗ್ಗೆ ಗಡಿಬಿಡಿ ಇಲ್ಲ.

ಭಾನುವಾರದ ಇಡ್ಲಿಗೆ ರುಬ್ಬುವುದಾದರೆ ಒಂದು ಮಾತು. ಡಿಸೆಂಬರ್, ಜನವರಿಯ ಚಳಿಗೆ ಬೆಂಗಳೂರಿನಲ್ಲಿ ಹಿಟ್ಟು ಬೇಗ ಉಬ್ಬುವುದಿಲ್ಲ. ಶನಿವಾರ ಸಂಜೆಯೇ ರುಬ್ಬಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಅಡುಗೆ ಮನೆಯ ಬೆಚ್ಚಗಿನ ಮೂಲೆಯಲ್ಲಿಡು. ಪಾತ್ರೆ ಅರ್ಧ ಮಾತ್ರ ತುಂಬಿಸು, ಇಲ್ಲದಿದ್ದರೆ ಬೆಳಗ್ಗೆ ಕಟ್ಟೆ ತೊಳೆಯುವ ಕೆಲಸ ಬೀಳುತ್ತದೆ. ಇಡ್ಲಿ ಗಟ್ಟಿಯಾದರೆ ಫೋನ್ ಮಾಡು, ಅಳತೆ ಸರಿ ಮಾಡೋಣ.

ಇತಿ,
ನಿನ್ನ ಮಾವ