ನಿನ್ನ ಮನೆಯಿಂದ ಆರು ಗಂಟೆ ದೂರದ ಕೌಂಟಿ

ಪ್ರಿಯ ರಘು,

ಅಮೆರಿಕದ ಹಳ್ಳಿಗಾಡು ಅಂದ್ರೆ ಎಕರೆಗಟ್ಟಲೆ ಮೆಕ್ಕೆಜೋಳ, ದೊಡ್ಡ ಟ್ರ್ಯಾಕ್ಟರು, ಅನುಕೂಲಸ್ಥ ರೈತರು ಅಂತ ನೀನು ಕಳೆದ ಸಲ ಬರೆದಿದ್ದೆ. ನೀನಿರುವುದು ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಹಾಗೆ). ಅಲ್ಲಿಂದ ಕಾರಿನಲ್ಲಿ ಸುಮಾರು ಆರು ಗಂಟೆ ಹೋದರೆ ವೆಸ್ಟ್ ವರ್ಜೀನಿಯಾದ ದಕ್ಷಿಣದ ತುದಿಯಲ್ಲಿ ಮ್ಯಾಕ್‌ಡೊವೆಲ್ ಕೌಂಟಿ ಸಿಗುತ್ತದೆ. ಟ್ರ್ಯಾಕ್ಟರ್ ಓಡಿಸೋಣ ಅಂದ್ರೆ ಅಲ್ಲಿ ಸಮತಟ್ಟಾದ ನೆಲವೇ ಅಪರೂಪ. ಬೆಟ್ಟಗಳ ಸಂದಿಯಲ್ಲಿ ಹಳ್ಳ, ಹಳ್ಳದ ಪಕ್ಕದಲ್ಲಿ ರಸ್ತೆ, ರಸ್ತೆಗೆ ಅಂಟಿಕೊಂಡ ಮನೆಗಳು. ನೆಲದಡಿ ಕಲ್ಲಿದ್ದಲು.

ಸಂಖ್ಯಾಶಾಸ್ತ್ರದ ಮೇಷ್ಟ್ರು ನಿವೃತ್ತನಾದರೆ ಬೇರೆಯವರ ದೇಶದ ಜನಗಣತಿಯನ್ನೂ ಬಿಡುವುದಿಲ್ಲ, ನೋಡು! 1950ರಲ್ಲಿ ಆ ಕೌಂಟಿಯಲ್ಲಿ 98,887 ಜನ ಇದ್ದರು. 1960ಕ್ಕೆ 71,359. 2020ರಲ್ಲಿ 19,111. ಅಂದರೆ ನಮ್ಮ ಒಂದು ಹೋಬಳಿಯಷ್ಟೂ ಜನ ಇಲ್ಲ, ಆದರೆ ಕೋರ್ಟು, ಕಚೇರಿ, ಶಾಲೆ ಎಲ್ಲವನ್ನೂ ನಡೆಸಬೇಕು. ಐವತ್ತರ ದಶಕದಲ್ಲೇ 27 ಸಾವಿರ ಜನ ಕಡಿಮೆಯಾದರಲ್ಲ, ಆಗ ಕಲ್ಲಿದ್ದಲು ಮುಗಿದಿರಲಿಲ್ಲ. ಕಲ್ಲಿದ್ದಲು ಕೊರೆಯುವ ಯಂತ್ರ ಗಣಿಯೊಳಗೆ ಇಳಿದಿತ್ತು, ಅಷ್ಟೆ. ಆಮೇಲೆ ಎಂಬತ್ತರ ದಶಕದಲ್ಲಿ, ಈ ಕಲ್ಲಿದ್ದಲನ್ನು ಕೊಳ್ಳುತ್ತಿದ್ದ ಉಕ್ಕಿನ ಉದ್ಯಮ ಕುಸಿದಾಗ ಇನ್ನೊಂದು ಪೆಟ್ಟು ಬಿತ್ತು.

ಅಮೆರಿಕದಲ್ಲಿ ಫುಡ್ ಸ್ಟ್ಯಾಂಪ್ ಅಂತ ಇದೆಯಲ್ಲ, ಬಡವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು, ಈಗ ಕಾರ್ಡು, ಆಗ ಕೂಪನ್. ಕೆನಡಿ ಕಾಲದಲ್ಲಿ ಅದನ್ನು ಮತ್ತೆ ಶುರು ಮಾಡಿದಾಗ ಮೊದಲ ಕೂಪನ್ ಹೋಗಿದ್ದು ಇದೇ ಕೌಂಟಿಗೆ, 1961ರ ಮೇ 29ರಂದು. ಹದಿನೈದು ಜನರ ಒಂದು ಮನೆಗೆ 95 ಡಾಲರ್. ಕೃಷಿ ಸಚಿವರೇ ಬಂದು ಕೊಟ್ಟರು. ವೆಲ್ಚ್ ಪಟ್ಟಣದ ಅಂಗಡಿಯಲ್ಲಿ ಆ ಮನೆಯವರು ಮೊದಲು ಕೊಂಡಿದ್ದು ಒಂದು ಡಬ್ಬಿ ಹಂದಿಮಾಂಸ ಬೆರೆಸಿದ ಬೀನ್ಸ್.

ಜನಗಣತಿ ಇಲಾಖೆಯ ಈಗಿನ ಕೋಷ್ಟಕ ನೋಡು. ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರು ಬಡತನದ ಗೆರೆಯ ಕೆಳಗೆ. ಮನೆಯೊಂದರ ಮಧ್ಯಕ ಆದಾಯ (ಎಲ್ಲ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಮನೆಯದ್ದು) ದೇಶದ್ದರ ಅರ್ಧಕ್ಕಿಂತ ಕಡಿಮೆ. ಅದೇ ಹಾಳೆಯಲ್ಲಿ ಸ್ವಂತ ಮನೆ ಇರುವ ಕುಟುಂಬಗಳು ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ! ದೇಶದಲ್ಲಿ ಅದು 65ರ ಆಸುಪಾಸು. ಈ ಸಾಲೊಂದನ್ನೇ ಓದಿದವನು ಮ್ಯಾಕ್‌ಡೊವೆಲ್ ಜನ ಸುಖವಾಗಿದ್ದಾರೆ ಅಂದುಕೊಂಡಾನು. ಆದರೆ ಆ ಮನೆಗಳನ್ನು ಕೊಳ್ಳುವವರಿಲ್ಲ. ಬೆಲೆ ಅಮೆರಿಕದಲ್ಲೇ ತೀರಾ ಕಡಿಮೆ ಇರುವ ಕಡೆಗಳಲ್ಲಿ ಇದೂ ಒಂದು. ಮಾರಿದರೆ ಬರುವ ದುಡ್ಡಿನಲ್ಲಿ ನಿಮ್ಮ ಕಡೆ ಒಂದು ಗ್ಯಾರೇಜೂ ಸಿಗುವುದಿಲ್ಲ. ಹಾಗಾಗಿ ಅಪ್ಪ ಬಿಟ್ಟುಹೋದ ಮನೆಯಲ್ಲೇ ಮಗ ಇರುತ್ತಾನೆ, ಕೋಷ್ಟಕದಲ್ಲಿ 'ಮಾಲೀಕ' ಅನ್ನಿಸಿಕೊಳ್ಳುತ್ತಾನೆ.

ಆಯಸ್ಸಿನ ಲೆಕ್ಕ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿತು. 2010ರ ಅಂದಾಜಿನಂತೆ ಅಲ್ಲಿನ ಗಂಡಸರ ಸರಾಸರಿ ಆಯಸ್ಸು ಸುಮಾರು 64. ನಿನ್ನ ಫೇರ್‌ಫ್ಯಾಕ್ಸ್‌ನಲ್ಲಿ 82. ಸಿಗರೇಟು, ಹೃದ್ರೋಗ, ಬೊಜ್ಜು, ನೋವಿನ ಮಾತ್ರೆಯ ಚಟ ಎಲ್ಲವೂ ಇದರಲ್ಲಿದೆ. ಆದರೆ ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಗಟ್ಟಿಮುಟ್ಟಾದವರು, ಓದಿದವರು ಕೆಲಸ ಹುಡುಕಿಕೊಂಡು ಹೊರಟುಹೋದರು. ಅವರ ಉಳಿದ ವರ್ಷಗಳು ಬೇರೆ ಕೌಂಟಿಯ ಲೆಕ್ಕಕ್ಕೆ ಸೇರಿದವು. ನಿನ್ನಂಥ ಡಿಗ್ರಿಯವರು ಬಂದು ಸೇರಿ ಫೇರ್‌ಫ್ಯಾಕ್ಸ್‌ನ ಸರಾಸರಿ ಏರಿತು. ಎರಡು ಊರಿನ ನೀರು, ಗಾಳಿ, ಆಸ್ಪತ್ರೆಯನ್ನಷ್ಟೇ ಹೋಲಿಸಿದರೆ ಸಾಲದು. ಯಾರು ಹೋದರು, ಯಾರು ಬಂದರು ಅನ್ನೋದನ್ನೂ ಕೇಳಬೇಕು, ಅಲ್ವಾ?

ಇನ್ನೊಂದು ತಮಾಷೆ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ವರ್ಷವೂ ಒಂದು ಸಮೀಕ್ಷೆ ಮಾಡುತ್ತದೆ. ಕೌಂಟಿಯ ಜನಸಂಖ್ಯೆ 65 ಸಾವಿರಕ್ಕಿಂತ ಕಡಿಮೆ ಇದ್ದರೆ ಆಯಾ ವರ್ಷದ ಪೂರ್ತಿ ಅಂಕಿಅಂಶ ಪ್ರಕಟಿಸುವುದಿಲ್ಲ. ಉತ್ತರ ಕೊಟ್ಟವರು ಕಡಿಮೆ ಆದ್ದರಿಂದ ಐದು ವರ್ಷದ್ದನ್ನು ಕೂಡಿಸಿ ಕೊಡುತ್ತದೆ. ಇದರ ಪರಿಣಾಮ ನೋಡು: ಇದೇ ಕೌಂಟಿಯ ಕಿಂಬಾಲ್ ಅನ್ನೋ ಊರಿನಲ್ಲಿದ್ದ ವಾಲ್‌ಮಾರ್ಟ್ ಅಂಗಡಿ 2016ರಲ್ಲಿ ಮುಚ್ಚಿತು. ದಿನಸಿ, ಕೆಲಸ ಎರಡಕ್ಕೂ ಜನ ಅದನ್ನು ನಂಬಿದ್ದರು. ಹಸಿದವರಿಗೆ ಹಂಚುವ ಅಲ್ಲಿನ ಫುಡ್ ಬ್ಯಾಂಕಿಗೂ ಅದೇ ಆಹಾರ ಕೊಡುತ್ತಿತ್ತು. ಅಷ್ಟು ದೊಡ್ಡ ಪೆಟ್ಟು ಐದು ವರ್ಷದ ಅಂಕಿಯಲ್ಲಿ ತೆಳುವಾಗಿ ಹರಡಿಹೋಗುತ್ತದೆ. 1950ರಷ್ಟು ಜನ ಈಗಲೂ ಇದ್ದಿದ್ದರೆ ಆ ಒಂದು ವರ್ಷದ ಲೆಕ್ಕ ಬೇರೆಯಾಗಿಯೇ ಸಿಗುತ್ತಿತ್ತು.

2008ರಲ್ಲಿ ಈ ಕೌಂಟಿ ಒಬಾಮಾರನ್ನು ಗೆಲ್ಲಿಸಿತ್ತು, 2016ರಲ್ಲಿ ಟ್ರಂಪ್‌ಗೆ ಭಾರೀ ಬಹುಮತ ಕೊಟ್ಟಿತು. ಅದರ ಬಗ್ಗೆ ಟಿವಿಯವರು ಸಾಕಷ್ಟು ಮಾತಾಡಿದ್ದಾರೆ, ನಾನು ಬೇರೆ ಯಾಕೆ.

ಬೇಸಿಗೆ ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಕೇಳಿದ್ದೆಯಲ್ಲ. ಒಂದು ದಿನ ಸುಮ್ನೆ ವೆಲ್ಚ್ ಕಡೆ ಹೋಗಿ ಬಾ. ಕಿಂಬಾಲ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ 1928ರಲ್ಲಿ ಕಟ್ಟಿದ ಭವನವಿದೆ. ಅದನ್ನೂ ನೋಡು. ಊಟ ಅಲ್ಲೇ ಮಾಡು, ಬುತ್ತಿ ಕಟ್ಟಿಕೊಂಡು ಹೋಗಬೇಡ. ಬಿಲ್ ಎಷ್ಟಾಯಿತು, ಪಕ್ಕದ ಟೇಬಲಿನವರು ಏನು ಮಾತಾಡುತ್ತಿದ್ದರು ಅಂತ ಬರಿ.

ನಿನ್ನ,
ಶ್ರೀಧರ