ಮಗಳಿಗೊಂದು ಪತ್ರ: ಚೆಂಡೆ ನಿಲ್ಲಿಸುವ ಮೊದಲು

ಬದಿಯಡ್ಕ
ಆಟಿ ತಿಂಗಳು

ಪ್ರೀತಿಯ ಮಗಳೇ,

ಗೇಮ್ ಆಡುವಾಗ ಮ್ಯೂಸಿಕ್ ಆಫ್ ಮಾಡುವುದು ಒಳ್ಳೆಯದಾ ಎಂದು ಕೇಳಿದ್ದೆಯಲ್ಲ. ಕೆಲವು ಗೇಮಿಗೆ ಒಳ್ಳೆಯದು, ಕೆಲವಕ್ಕೆ ದೊಡ್ಡ ನಷ್ಟ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲವೆಂದು ಬರೆಯುತ್ತಿದ್ದೇನೆ.

ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಇರುವಾಗಲೇ ಚೆಂಡೆ ಕೇಳಿ ನಿನಗೆ ಗೊತ್ತಾಗುತ್ತದಲ್ಲ, ಬರುವವನು ರಾಕ್ಷಸನೆಂದು? ಎಷ್ಟೋ ಗೇಮುಗಳಲ್ಲಿ ಮ್ಯೂಸಿಕ್ ಮಾಡುವುದೂ ಅದೇ ಕೆಲಸ. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಇದ್ದದ್ದು ನಾಲ್ಕೇ ಸ್ವರ. ಶತ್ರುಗಳು ಕಡಿಮೆಯಾಗಿ ಉಳಿದವರ ವೇಗ ಹೆಚ್ಚಿದಂತೆ ಆ ನಾಲ್ಕು ಸ್ವರಗಳ ಲಯವೂ ಏರುತ್ತದೆ, ಆಡುವವರ ಎದೆಬಡಿತವೂ ಅದರೊಟ್ಟಿಗೆ. ಈಗಿನ ಅನೇಕ ಸಾಹಸದ ಗೇಮುಗಳಲ್ಲಿ ಶತ್ರು ನಿನ್ನನ್ನು ಕಂಡ ಕೂಡಲೇ ಮ್ಯೂಸಿಕ್ ಬದಲಾಗುತ್ತದೆ, ಕೊನೆಯವನು ಬಿದ್ದ ಮೇಲೆ ಮೊದಲಿನದಕ್ಕೆ ಮರಳುತ್ತದೆ. ಕಾಳಗದ ಮ್ಯೂಸಿಕ್ ಇನ್ನೂ ನಿಂತಿಲ್ಲವೆಂದರೆ ಯಾರೋ ಒಬ್ಬ ಎಲ್ಲೋ ಅಡಗಿ ಕುಳಿತಿದ್ದಾನೆ ಎಂದರ್ಥ. ಆಫ್ ಮಾಡಿದರೆ ಈ ಸುಳಿವೇ ಹೋಗುತ್ತದೆ. ಕಥೆಯಿರುವ ಗೇಮನ್ನು ಮೊದಲ ಸಲ ಆಡುವಾಗ ಮ್ಯೂಸಿಕ್ ಮುಟ್ಟಲೇಬೇಡ. ತಾಳಕ್ಕೆ ಸರಿಯಾಗಿ ಬೆರಳಾಡಿಸುವ ಗೇಮುಗಳ ಬಗ್ಗೆಯಂತೂ ಹೇಳುವುದೇ ಬೇಡ.

ನಿನ್ನ ಗೆಳತಿಯರು ಆಡುವ ಗುಂಡು ಹಾರಿಸುವ ಗೇಮುಗಳ ಲೆಕ್ಕ ಬೇರೆ. ಅಲ್ಲಿ ಬೇಕಾದ್ದು ಹೆಜ್ಜೆ ಸಪ್ಪಳ, ಬಾಗಿಲು ತೆರೆದ ಸದ್ದು, ಬಂದೂಕಿಗೆ ಗುಂಡು ತುಂಬುವ ಸದ್ದು. ನಮ್ಮ ಕಿವಿಯ ಸ್ವಭಾವ ಹೇಗೆಂದರೆ, ಜೋರಾದ ತಗ್ಗು ಸ್ವರ ತನಗಿಂತ ಮೇಲಿನ ಮೆಲ್ಲನೆಯ ಸದ್ದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಮೇಲಿನದು ತಗ್ಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಮ್ಯೂಸಿಕ್ಕಿನ ಬೇಸ್ ಡ್ರಮ್ಮಿನ ಕೆಳಗೆ ಹೆಜ್ಜೆ ಹೂತುಹೋಗುವುದು ಹೀಗೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಗೇಮಿನಲ್ಲಿ ಮ್ಯೂಸಿಕ್ ಇರುವುದು ಹೆಚ್ಚಾಗಿ ಲಾಬಿಯಲ್ಲಿ, ಅಂದರೆ ಸುತ್ತು ಶುರುವಾಗುವ ಮೊದಲು ಕಾಯುವ ಪರದೆಯಲ್ಲಿ. ಅಲ್ಲಿ ಸೊನ್ನೆ ಮಾಡಿದರೂ ಏನೂ ಕಳೆದುಕೊಳ್ಳುವುದಿಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಮ್ಯೂಸಿಕ್ ಆಗಾಗ ಬಂದು ಹೋಗುವಂಥದ್ದು. ಆದರೆ ಕ್ರೀಪರ್ ಎಂಬ ಸಿಡಿಯುವ ಶತ್ರು ಬುಸುಗುಟ್ಟಿದ ಮೇಲೆ ಸಿಡಿಯಲು ಒಂದೂವರೆ ಸೆಕೆಂಡು ಮಾತ್ರ ಉಂಟು, ಅದು ಕೇಳದೆ ಹೋದರೆ ಕಟ್ಟಿದ ಮನೆಯ ಗೋಡೆಯೇ ಹೋಗಬಹುದು. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಾದರೆ ಸಬ್‌ಟೈಟಲ್, ಅಂದರೆ ಸದ್ದನ್ನು ಅಕ್ಷರದಲ್ಲಿ ತೋರಿಸುವ ಸಾಲು, ಆನ್ ಮಾಡಿಕೋ. ಸದ್ದು ಯಾವ ಬದಿಯಿಂದ ಎಂಬುದನ್ನೂ ಅದು ಬಾಣದ ಗುರುತಿನಿಂದ ತೋರಿಸುತ್ತದೆ.

ಮಾಡಬೇಕಾದ ಕ್ರಮ ಹೀಗೆ. ಸೆಟ್ಟಿಂಗ್ಸ್‌ನ ಆಡಿಯೊದಲ್ಲಿ ಮಾಸ್ಟರ್, ಮ್ಯೂಸಿಕ್, ಎಫೆಕ್ಟ್ಸ್, ವಾಯ್ಸ್ ಎಂದು ಬೇರೆಬೇರೆ ಇರುತ್ತವೆ. ಮಾಸ್ಟರ್ ಇಳಿಸಿದರೆ ಎಲ್ಲವೂ ಒಟ್ಟಿಗೆ ಇಳಿಯುತ್ತದೆ, ಆದ್ದರಿಂದ ಅದನ್ನು ಬಿಡು. ಮ್ಯೂಸಿಕ್ ಮಾತ್ರ 30ಕ್ಕೆ ತಂದು ಎರಡು ಮೂರು ಸುತ್ತು ಆಡು. ಹೆಜ್ಜೆ ಆಗಲೂ ಕೇಳದಿದ್ದರೆ ಸೊನ್ನೆ ಮಾಡು.

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹೆಜ್ಜೆ ಕೇಳಲೆಂದು ಫೋನಿನ ವಾಲ್ಯೂಮನ್ನೇ ಏರಿಸುತ್ತಾರೆ. ಹೆಜ್ಜೆ ಏರಿದಷ್ಟೇ ಗುಂಡಿನ ಸದ್ದೂ ಏರಿ ನೇರ ಕಿವಿಗೆ ಬಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ, ಮಕ್ಕಳಿಗೆ 75ರಲ್ಲಿ ಅಷ್ಟೇ ಹೊತ್ತು. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಕೆಟ್ಟ ಕಿವಿ ಮತ್ತೆ ಮೊದಲಿನಂತೆ ಆಗುವುದಿಲ್ಲ ಮಗಳೇ. ಮ್ಯೂಸಿಕ್ ಇಳಿಸುವುದಕ್ಕೆ ನನ್ನ ದೊಡ್ಡ ಒಪ್ಪಿಗೆ ಇರುವುದು ಈ ಕಾರಣಕ್ಕೆ, ಗೆಲ್ಲುವುದಕ್ಕಲ್ಲ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಸೌಂಡ್ ಏರಿಸಬೇಕೆಂದು ಕಾಣುತ್ತದೆ. ಆಗ ಕಿವಿಯನ್ನು ಸರಿಯಾಗಿ ಮುಚ್ಚುವ ರಬ್ಬರಿನ ಇಯರ್‌ಫೋನ್ ಹಾಕು, ವಾಲ್ಯೂಮ್ ಮುಟ್ಟಬೇಡ.

ಬ್ಲೂಟೂತ್ ಬಗ್ಗೆ ಒಂದು ಮಾತು. ಗೆಳತಿಯರ ಜೊತೆ ಮಾತಾಡಲು ಅದರ ಮೈಕ್ ಆನ್ ಆದ ಕೂಡಲೇ ಸಾಮಾನ್ಯ ಬ್ಲೂಟೂತ್ ಫೋನ್ ಕರೆಯ ಗುಣಮಟ್ಟಕ್ಕೆ ಇಳಿದುಬಿಡುತ್ತದೆ. ಎರಡು ಕಿವಿಗೂ ಒಂದೇ ಸದ್ದು, ಎಡ ಯಾವುದು ಬಲ ಯಾವುದು ತಿಳಿಯುವುದೇ ಇಲ್ಲ. ಸದ್ದು ತಡವಾಗಿ ಬರುವುದು ಬೇರೆ. ವಯರಿನದ್ದಾದರೆ ಈ ಎರಡೂ ಕಾಟ ಇಲ್ಲ. ಫೋನಿನ ಆಕ್ಸೆಸಿಬಿಲಿಟಿಯಲ್ಲಿ ‘ಮೋನೊ ಆಡಿಯೊ’ ಆನ್ ಆಗಿದೆಯಾ ನೋಡು, ಇದ್ದರೆ ತೆಗೆ. ಗೇಮಿನ ತ್ರೀಡಿ ಸೌಂಡ್ (ದಿಕ್ಕು ತಿಳಿಸುವ ಸದ್ದು) ಆನ್ ಇದ್ದರೆ ಫೋನಿನ ಡಾಲ್ಬಿ ಎಂಬ ಸೌಂಡ್ ಸೆಟ್ಟಿಂಗ್ ಆಫ್ ಇರಲಿ. ಎರಡೂ ಸೇರಿದರೆ ದಿಕ್ಕು ಕಲಸಿಹೋಗುತ್ತದೆ.

ಗೇಮಿನ ಮ್ಯೂಸಿಕ್ ತೆಗೆದು ನಿನ್ನದೇ ಹಾಡು ಹಾಕಿಕೊಳ್ಳುವುದಾದರೆ, ಒಂದೇ ಹೊಲದಲ್ಲಿ ಸುತ್ತಿ ಬೆಳೆ ಕೊಯ್ಯುವಂಥ ಗೇಮಿಗೆ ಅಡ್ಡಿಯಿಲ್ಲ. ಸಂಭಾಷಣೆ ಇರುವ ಕಡೆ ಸಾಹಿತ್ಯವಿಲ್ಲದ ವೀಣೆಯೋ ಕೊಳಲೋ ಇರಲಿ, ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಎರಡೂ ತಲೆಗೆ ಹೋಗುವುದಿಲ್ಲ.

30ಕ್ಕೆ ಇಳಿಸಿ ಆಡಿದ ಮೇಲೆ, ಕಣ್ಣು ಮುಚ್ಚಿ ಹೆಜ್ಜೆ ಯಾವ ಬದಿಯಿಂದ ಬಂತೆಂದು ಹೇಳಲು ಆಗುತ್ತದಾ ಎಂದು ಬರೆ. ವಯರಿನ ಇಯರ್‌ಫೋನ್ ಬಸ್ಸಿನಲ್ಲಿ ಕಳುಹಿಸುತ್ತೇನೆ.

ನಿನ್ನ
ಅಮ್ಮ